ಗುಣ, ವಾಸಿ ಮತ್ತು ಮಾಯದ ಗಾಯ

ಗಾಯವಾದವರನ್ನು ನೋಡಲು ಹೋದಾಗ ನಾವು ಕನ್ನಡದಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚೆಂದರೆ ನಾಲ್ಕು. ಗಾಯ ಒಣಗಿತಾ? ಮಾಯಿತಾ? ಗುಣವಾಯಿತಾ? ವಾಸಿಯಾಯಿತಾ? ನಾಲ್ಕೂ ಒಂದೇ ಎಂದುಕೊಂಡು ಬಾಯಿಗೆ ಬಂದದ್ದನ್ನು ಕೇಳುತ್ತೇವೆ. ಆದರೆ ಒಂದೊಂದು ಪದದ ಒಳಗೂ ಗಾಯದ ಬಗ್ಗೆ ಒಂದೊಂದು ನಂಬಿಕೆ ಕೂತಿದೆ. ಒಣಗುವುದು ಎಂದಾಗ, ಗಾಯವೆಂದರೆ ಹಸಿ, ಹಸಿ ಹೋದರೆ ಗಾಯವೂ ಹೋಯಿತು ಎಂಬ ನಂಬಿಕೆ. ಮಾಯುವುದು ಎಂದಾಗ ಕಿವಿಗೆ ಅದರ ಪಕ್ಕದಲ್ಲೇ ‘ಮಾಯವಾಗುವುದು’ ಕೇಳಿಸುತ್ತದೆ. ಗಾಯ ಇತ್ತೆಂಬ ಗುರುತೂ ಉಳಿಯಬಾರದು. ಗುಣ ಎಂಬುದು ಆರೋಗ್ಯಕ್ಕೂ ಒಳ್ಳೆಯತನಕ್ಕೂ ನಾವು ಬಳಸುವ ಪದ. ವಾಸಿ ಮಾತ್ರ ಬೇರೆ ಜಾತಿಯದು. ‘ಇಲ್ಲದ್ದಕ್ಕಿಂತ ವಾಸಿ’, ‘ಹೋದ ವರ್ಷಕ್ಕಿಂತ ಈ ವರ್ಷ ವಾಸಿ’ ಎನ್ನುವಾಗ ನಾವು ಎರಡನ್ನು ಪಕ್ಕಪಕ್ಕ ಇಟ್ಟು ತೂಗುತ್ತಿರುತ್ತೇವೆ. ಅದರಲ್ಲಿ ಮುಕ್ತಾಯದ ಮಾತಿಲ್ಲ.

ಹೇಳಿದ ದಿನಕ್ಕೆ ಮಾಯದ ಗಾಯವೊಂದನ್ನು ಹೊತ್ತುಕೊಂಡಿರುವ ಮನುಷ್ಯನಿಗೆ ಈ ನಾಲ್ಕು ಪ್ರಶ್ನೆಗಳಲ್ಲಿ ಯಾವುದನ್ನು ಕೇಳುವುದು ನ್ಯಾಯ? ಇದು ಬರೀ ಭಾಷೆಯ ಪ್ರಶ್ನೆಯಲ್ಲ ಎಂಬುದು ನನಗೆ ಕಳೆದ ಹದಿನಾಲ್ಕು ತಿಂಗಳಲ್ಲಿ ನಿಧಾನವಾಗಿ ತಿಳಿಯುತ್ತಾ ಬಂತು. ಗುಣವಾಗುವುದು ಒಬ್ಬ ಮನುಷ್ಯನ ಸಾಧನೆಯೇ? ಆಗದಿರುವುದು ಅವನ ಸೋಲೇ? ಆಗದವನ ಜೊತೆ ಉಳಿದವರು ಹೇಗಿರಬೇಕು? ಈ ಬರಹ ಅಷ್ಟರ ಬಗ್ಗೆ.

ನನ್ನ ಅಪ್ಪ ತಿಪಟೂರಿನಲ್ಲಿ ಟೈಲರ್. ಗುದನಾಳದ ತೀರಾ ಕೆಳಭಾಗದಲ್ಲಿ ಕ್ಯಾನ್ಸರ್ ಇದೆಯೆಂದು ಗೊತ್ತಾದಾಗ ಅವರಿಗೆ ಐವತ್ತೆಂಟು. ಮೊದಲು ರೇಡಿಯೇಷನ್ ಕೊಟ್ಟರು, ಆಮೇಲೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ. ಹೊಟ್ಟೆಯ ಕಡೆಯಿಂದಲೂ ಕೆಳಗಿನಿಂದಲೂ ಕೊಯ್ದು ಗುದನಾಳ, ಗುದದ್ವಾರ ಎರಡನ್ನೂ ತೆಗೆಯುವ ಈ ವಿಧಾನವನ್ನು ಲಂಡನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಮೈಲ್ಸ್ 1908ರಲ್ಲಿ ವಿವರಿಸಿ ಬರೆದರು. ನೂರು ವರ್ಷ ದಾಟಿದರೂ ಕೆಲವು ರೋಗಿಗಳಿಗೆ ಇವತ್ತಿಗೂ ಅದೇ ದಾರಿ. ಗುದದ್ವಾರ ಇಲ್ಲವಾದ ಮೇಲೆ ಮಲ ಹೊರಬರಲು ಬೇರೆ ಬಾಗಿಲು ಬೇಕಲ್ಲ? ದೊಡ್ಡ ಕರುಳಿನ ತುದಿಯನ್ನು ಹೊಟ್ಟೆಯ ಎಡಭಾಗದಲ್ಲಿ ಹೊರಗೆ ತಂದು ಚರ್ಮಕ್ಕೆ ಹೊಲಿಯುತ್ತಾರೆ. ಅದು ಕೊಲೊಸ್ಟಮಿ. ಹೊರಗೆ ಕಾಣುವ ಆ ಕೆಂಪು ಬಾಯಿಯ ಹೆಸರು ಸ್ಟೋಮಾ. ಅದು ಕೆನ್ನೆಯ ಒಳಭಾಗದಂತೆ ಸದಾ ಒದ್ದೆ. ಮುಟ್ಟಿದರೆ, ಚಿವುಟಿದರೆ ನೋವಾಗುವುದಿಲ್ಲ. ಅದರ ಮೇಲೆ ಒಂದು ಚೀಲ ಅಂಟಿಸಿಕೊಳ್ಳಬೇಕು, ಜೀವನಪೂರ್ತಿ.

ಅಪ್ಪ ಅದನ್ನು ಮೊದಲ ಸಲ ನೋಡಿ ‘ಕಾಜಾ ಹೊಡೆದಿದ್ದಾರೆ’ ಎಂದರು. ಅಂಗಿಗೆ ಗುಂಡಿ ಹಾಕುವ ತೂತಿಗೆ ಟೈಲರುಗಳು ಕಾಜಾ ಎನ್ನುತ್ತಾರೆ. ಬಟ್ಟೆಯನ್ನು ಕತ್ತರಿಸಿ, ಕತ್ತರಿಸಿದ ಅಂಚು ಎಳೆ ಬಿಡದ ಹಾಗೆ ಸುತ್ತಲೂ ಒತ್ತಾಗಿ ಹೊಲಿದರೆ ಆ ತೂತು ತೂತಾಗಿಯೇ ಉಳಿಯುತ್ತದೆ. ಸ್ಟೋಮಾ ಬಗ್ಗೆ ನಾನು ಆಮೇಲೆ ಓದಿದ ಯಾವ ವಿವರಣೆಯೂ ಇಷ್ಟು ಚೊಕ್ಕವಾಗಿರಲಿಲ್ಲ.

ಅಂದರೆ ಈ ಶಸ್ತ್ರಚಿಕಿತ್ಸೆ ದೇಹಕ್ಕೆ ಎರಡು ವಿರುದ್ಧ ಕೆಲಸಗಳನ್ನು ಒಟ್ಟಿಗೆ ಹೇಳುತ್ತದೆ. ಹೊಟ್ಟೆಯ ಮೇಲಿನ ತೂತು ಎಂದೂ ಮುಚ್ಚಬಾರದು. ಕೆಳಗೆ, ಗುದದ್ವಾರ ಇದ್ದ ಜಾಗದ ಗಾಯ ಬೇಗ ಮುಚ್ಚಬೇಕು. ಅಪ್ಪನ ದೇಹ ಮೊದಲನೆಯದನ್ನು ಪಾಲಿಸಿತು, ಎರಡನೆಯದನ್ನು ಪಾಲಿಸಲಿಲ್ಲ. ಹನ್ನೊಂದನೆಯ ದಿನ ಕೆಳಗಿನ ಹೊಲಿಗೆ ಬಿಟ್ಟುಕೊಂಡಿತು. ಒಳಗೆ ಕೀವು ತುಂಬಿತ್ತು. ವೈದ್ಯರು ಉಳಿದ ಹೊಲಿಗೆಗಳನ್ನೂ ಬಿಚ್ಚಿ, ತೊಳೆದು, ಗಾಜ್ ಬಟ್ಟೆ ತುಂಬಿ, ಇನ್ನು ಮತ್ತೆ ಹೊಲಿಯುವುದಿಲ್ಲ ಎಂದರು.

ಮನೆಯವರಿಗೆ ಇದು ಅರ್ಥವಾಗದ ಮಾತು. ಬಿಚ್ಚಿಕೊಂಡದ್ದನ್ನು ಹೊಲಿಯಬೇಕು ತಾನೇ? ವೈದ್ಯರು ವಿವರಿಸಿದ್ದು ಹೀಗೆ: ಗಾಯ ತಳದಿಂದ ಮೇಲಕ್ಕೆ ತುಂಬಿಕೊಂಡು ಬರಬೇಕು. ಕೆಂಪಗೆ, ಕಾಳುಕಾಳಾಗಿ ಹೊಸ ಮಾಂಸ ಅಡಿಯಿಂದ ಬೆಳೆಯುತ್ತದೆ. ಮೇಲಿನ ಚರ್ಮ ಅವಸರಪಟ್ಟು ಮೊದಲೇ ಕೂಡಿಕೊಂಡರೆ ಒಳಗೆ ಪೊಳ್ಳು ಉಳಿದು ಮತ್ತೆ ಕೀವಾಗುತ್ತದೆ. ಆದ್ದರಿಂದ ಒಳಗಿನದು ತುಂಬುವ ತನಕ ಬಾಯಿಯನ್ನು ತೆರೆದೇ ಇಡಬೇಕು. ಅಪ್ಪ ತಲೆಯಾಡಿಸಿದರು. ‘ಲೈನಿಂಗು ಸರಿ ಕೂರದೆ ಮೇಲ್ಬಟ್ಟೆ ಹೊಲಿದರೆ ಕೋಟು ನಿಲ್ಲಲ್ಲ ಬಿಡು ಮಗಾ’ ಎಂದು ನನಗೆ ಸಮಾಧಾನ ಹೇಳಿದವರು ಅವರೇ.

ಓಸ್ಟಮಿ ಮಾಡಿಸಿಕೊಂಡವರಿಗೆ ಗಾಯದ ತೊಂದರೆಗಳು ಅಪರೂಪವಲ್ಲ. ಕೆಲವರಿಗೆ ಸ್ಟೋಮಾದ ಅಂಚು ಚರ್ಮದಿಂದ ಬಿಟ್ಟುಕೊಂಡು ಸುತ್ತಲೂ ಕಂದಕದಂತಾಗುತ್ತದೆ. ಕೆಲವರಿಗೆ ಚೀಲದ ಅಂಟಿನ ಅಡಿಯಲ್ಲಿ ಸೋರಿ ಚರ್ಮ ಸುಟ್ಟಂತಾಗುತ್ತದೆ; ಸಣ್ಣ ಕರುಳಿನಿಂದ ಮಾಡಿದ ಇಲಿಯಾಸ್ಟಮಿಯಲ್ಲಿ ಜೀರ್ಣರಸವೇ ಹೊರಬರುವುದರಿಂದ ಇದು ಇನ್ನೂ ಜಾಸ್ತಿ. ಹೊಟ್ಟೆಯ ಉದ್ದ ಗಾಯಕ್ಕೆ ಸೋಂಕು ತಗಲಬಹುದು. ಅಪ್ಪನಿಗಾದಂಥ ಕೆಳಗಿನ ಗಾಯವಂತೂ ಹಟಮಾರಿ. ಗುದನಾಳ ತೆಗೆದ ಜಾಗದಲ್ಲಿ ದೊಡ್ಡ ಪೊಳ್ಳು ಉಳಿದಿರುತ್ತದೆ. ಮೊದಲೇ ಕೊಟ್ಟ ರೇಡಿಯೇಷನ್ನಿನಿಂದ ಅಲ್ಲಿನ ಸಣ್ಣ ರಕ್ತನಾಳಗಳು ಹಾಳಾಗಿರುತ್ತವೆ. ಕೂತರೂ ಎದ್ದರೂ ಒತ್ತಡ ಬೀಳುವುದು ಅಲ್ಲಿಯೇ. ಸಕ್ಕರೆ ಕಾಯಿಲೆ, ರಕ್ತಹೀನತೆ, ಪೌಷ್ಟಿಕತೆಯ ಕೊರತೆ, ಸ್ಟೀರಾಯ್ಡ್ ಔಷಧಿ, ಬೀಡಿ ಸಿಗರೇಟು, ಇವುಗಳಲ್ಲಿ ಒಂದಿದ್ದರೂ ಮಾಯುವುದು ತಡವಾಗುತ್ತದೆ.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ: ‘ಒಣಗಿತಾ?’ ನಮ್ಮೂರಿನ ಕಡೆ ಗಾಯಕ್ಕೆ ಗಾಳಿಯಾಡಲಿ, ಒಣಗಲಿ ಎನ್ನುವುದು ಹಿರಿಯರ ಬುದ್ಧಿವಾದ. ಆದರೆ 1962ರಲ್ಲಿ ಜಾರ್ಜ್ ವಿಂಟರ್ ಎಂಬ ಸಂಶೋಧಕರು ಹಂದಿಗಳ ಚರ್ಮದ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಗಾಳಿಗೆ ಬಿಟ್ಟು ಹೊಪ್ಪಳೆ ಕಟ್ಟಿದ ಗಾಯಕ್ಕಿಂತ, ತೇವ ಆರದ ಹಾಗೆ ತೆಳು ಹಾಳೆಯಿಂದ ಮುಚ್ಚಿದ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಬೆಳೆದಿತ್ತು. ಹೊಸ ಜೀವಕೋಶಗಳು ತೇವದ ಮೇಲೆ ಸುಲಭವಾಗಿ ಸರಿದು ಹೋಗುತ್ತವೆ, ಒಣ ಹೊಪ್ಪಳೆ ಅವಕ್ಕೆ ಅಡ್ಡಿ. ಇವತ್ತಿನ ಡ್ರೆಸ್ಸಿಂಗುಗಳಲ್ಲಿ ಬಹಳಷ್ಟು ಈ ತಿಳಿವಳಿಕೆಯ ಮೇಲೆಯೇ ನಿಂತಿವೆ. ಕೀವು, ಮಲ ತಾಗಿ ನೆನೆಯುವುದು ಬೇರೆ, ಹದವಾದ ತೇವ ಬೇರೆ. ಹೀಗೆ, ನಾವು ಪ್ರೀತಿಯಿಂದಲೇ ಕೇಳುವ ಪ್ರಶ್ನೆ ಗಾಯದ ನಿಜವಾದ ದಾರಿಗೆ ತಿರುಗಾ ಮುರುಗಾ ಇರಬಹುದು. ‘ಇನ್ನೂ ಒಣಗಿಲ್ವಾ?’ ಎಂದು ಕೇಳಿಸಿಕೊಂಡವನಿಗೆ, ತನ್ನ ಮೈ ಸರಿಯಾಗಿ ಮಾಡುತ್ತಿರುವ ಕೆಲಸವೂ ತಪ್ಪಿನಂತೆ ಕಾಣತೊಡಗುತ್ತದೆ.

ಇನ್ನೊಂದು ಮಾತು. ಮಾಯುವುದು ಯಾವಾಗಲೂ ಒಳ್ಳೆಯದೇ ಎಂದು ನಾವು ನಂಬಿದ್ದೇವೆ. ದೇಹಕ್ಕೆ ಆ ವಿವೇಕವಿಲ್ಲ. ಕೊಯ್ದಲ್ಲೆಲ್ಲ ಕೂಡಿಸುವುದಷ್ಟೇ ಅದಕ್ಕೆ ಗೊತ್ತು. ಮುಚ್ಚಬಾರದ ಸ್ಟೋಮಾದ ಸುತ್ತ ಕಲೆಯ ಅಂಗಾಂಶ ಬಿಗಿದುಕೊಂಡು ಬಾಯಿ ಕಿರಿದಾಗಿ, ಮಲ ಹೊರಬರಲು ಕಷ್ಟವಾಗುವುದುಂಟು. ಹೊಟ್ಟೆಯೊಳಗೆ ಕರುಳಿಗೆ ಕರುಳು ಅಂಟಿಕೊಂಡು, ವರ್ಷಗಳ ನಂತರ ದಾರಿ ಕಟ್ಟಿಕೊಳ್ಳುವುದುಂಟು. ಅದೂ ಮಾಯುವಿಕೆಯೇ, ಆದರೆ ನಮಗೆ ಬೇಡದ ಜಾಗದಲ್ಲಿ. ಹಾಗಾದರೆ ಮಾಯುವುದು ತನ್ನಷ್ಟಕ್ಕೆ ಒಂದು ಮೌಲ್ಯವಲ್ಲ. ಅದು ಮಳೆಯಂತೆ ಒಂದು ಘಟನೆ. ಬದುಕಲು ಏನು ಬೇಕು ಎಂಬ ಲೆಕ್ಕವಿಟ್ಟುಕೊಂಡು ನೋಡಿದಾಗ ಮಾತ್ರ ಅದು ಒಳ್ಳೆಯದೋ ಕೆಟ್ಟದ್ದೋ ಆಗುತ್ತದೆ. ಆ ಲೆಕ್ಕ ಮನುಷ್ಯರದ್ದು.

ಇದನ್ನು ಒಪ್ಪಿದರೆ ‘ಗುಣವಾಗು’ ಎಂಬ ಪದದ ಭಾರ ಎಷ್ಟೆಂದು ಕಾಣುತ್ತದೆ. ಗುಣ ಎಂದರೆ ಸ್ವಭಾವವೂ ಹೌದು, ಸದ್ಗುಣವೂ ಹೌದು. ಗುಣವಾಗಲಿಲ್ಲ ಎಂದಾಗ ಮೈಯ ಸುದ್ದಿ ನಡತೆಯ ಸುದ್ದಿಯಂತೆ ಕೇಳಿಸುತ್ತದೆ. ಎಂ.ಎ. ಓದುವಾಗ ಸಮಾಜಶಾಸ್ತ್ರದ ವಿದ್ಯಾರ್ಥಿಗಳಾದ ನಾವೆಲ್ಲ ಟಾಲ್ಕಟ್ ಪಾರ್ಸನ್ಸ್ 1951ರಲ್ಲಿ ಬರೆದ ‘ರೋಗಿಯ ಪಾತ್ರ’ದ ವಿಚಾರವನ್ನು ಉರು ಹೊಡೆದಿದ್ದೆವು. ಸಮಾಜ ರೋಗಿಗೆ ಎರಡು ರಿಯಾಯಿತಿ ಕೊಡುತ್ತದೆ: ದಿನನಿತ್ಯದ ಕರ್ತವ್ಯಗಳಿಂದ ಬಿಡುಗಡೆ, ಕಾಯಿಲೆ ಅವನ ತಪ್ಪಲ್ಲ ಎಂಬ ಒಪ್ಪಿಗೆ. ಬದಲಿಗೆ ಎರಡನ್ನು ಕೇಳುತ್ತದೆ: ಅವನು ಗುಣವಾಗಲು ಬಯಸಬೇಕು, ವೈದ್ಯರ ಮಾತು ಕೇಳಬೇಕು. ಪರೀಕ್ಷೆಗೆ ಇಷ್ಟು ಬರೆದರೆ ಅಂಕ ಸಿಗುತ್ತಿತ್ತು. ಈ ಒಪ್ಪಂದಕ್ಕೆ ಹೇಳದೇ ಇಟ್ಟ ಒಂದು ಗಡುವೂ ಇದೆಯೆಂಬುದು ಮನೆಯಲ್ಲಿ ಕಂಡಿತು. ಮೊದಲ ತಿಂಗಳು ಬಂದವರೆಲ್ಲ ಹಣ್ಣು ತಂದರು. ಎರಡನೆಯ ತಿಂಗಳು ಸಲಹೆ ತಂದರು. ನಾಲ್ಕನೆಯ ತಿಂಗಳಿಗೆ ಅನುಮಾನ ತಂದರು. ‘ನೀವು ಸರಿಯಾಗಿ ಪಥ್ಯ ಮಾಡ್ತಿಲ್ಲ ಅನ್ಸುತ್ತೆ ಅಣ್ಣ.’ ‘ಮನಸ್ಸು ಗಟ್ಟಿ ಇಟ್ಕೋಬೇಕು, ಅದೇ ಅರ್ಧ ಔಷಧಿ.’ ‘ಯಾವ ಜನ್ಮದ್ದೋ ಏನೋ.’

ಪಥ್ಯದ ಮಾತು ಬಂದಾಗ ನಂಜಿನ ಮಾತು ಬಂದೇ ಬರುತ್ತದೆ. ಬದನೆಕಾಯಿ ನಂಜು, ಮೊಟ್ಟೆ ನಂಜು, ಮೀನು ನಂಜು. ತಿಂದರೆ ಗಾಯ ಕೀವಾಗುತ್ತದೆ. ಆಸ್ಪತ್ರೆಯ ಆಹಾರ ತಜ್ಞೆ ಹೇಳಿದ್ದು ಇದರ ತದ್ವಿರುದ್ಧ: ಹೊಸ ಮಾಂಸ ಕಟ್ಟಲು ಪ್ರೋಟೀನ್ ಬೇಕು, ಮೊಟ್ಟೆ, ಬೇಳೆ, ಹಾಲು, ಮೀನು, ಏನು ಸೇರುತ್ತದೋ ಅದನ್ನು ಹೆಚ್ಚು ತಿನ್ನಿ. ಅಮ್ಮ ಮೊಟ್ಟೆ ಬೇಯಿಸಿ ಕೊಟ್ಟದ್ದನ್ನು ನೋಡಿದ ಸಂಬಂಧಿಕರೊಬ್ಬರು, ಗಾಯ ಮಾಯದಿರುವುದಕ್ಕೆ ಕಾರಣ ಸಿಕ್ಕಿತೆಂಬ ನೆಮ್ಮದಿಯಲ್ಲಿ ಎದ್ದು ಹೋದರು. ಆ ನೆಮ್ಮದಿಯನ್ನು ನಾನು ಬಹಳ ದಿನ ಯೋಚಿಸಿದೆ. ಅದು ಕ್ರೌರ್ಯವಲ್ಲ. ಒಂದು ಗಾಯಕ್ಕೆ ಯಾರೋ ಮಾಡಿದ ತಪ್ಪು ಕಾರಣವೆಂದಾದರೆ, ತಪ್ಪು ಮಾಡದ ನಾವು ಕ್ಷೇಮ. ಯಾರ ತಪ್ಪೂ ಇಲ್ಲದೆ ಹೊಲಿಗೆ ಬಿಟ್ಟುಕೊಳ್ಳಬಹುದು ಎಂದಾದರೆ ಯಾರೂ ಕ್ಷೇಮವಲ್ಲ. ದೂಷಿಸುವವರ ಒಳಗೆ ಬಹುಪಾಲು ಇರುವುದು ಈ ಹೆದರಿಕೆ.

ಆದರೂ ಒಂದು ಕಷ್ಟದ ಪ್ರಶ್ನೆ ಉಳಿಯುತ್ತದೆ. ಅಪ್ಪ ಮೂವತ್ತು ವರ್ಷ ಬೀಡಿ ಸೇದಿದವರು. ಬೀಡಿ ಗಾಯ ಮಾಯುವುದನ್ನು ತಡಮಾಡುತ್ತದೆ ಎಂಬುದು ನಂಜಿನ ಹಾಗೆ ಬರೀ ನಂಬಿಕೆಯಲ್ಲ, ವೈದ್ಯಶಾಸ್ತ್ರ ಒಪ್ಪುವ ಸಂಗತಿ. ಹಾಗಾದರೆ ಇಲ್ಲಿ ಅವರ ಪಾಲು ಇಲ್ಲವೇ? ಇದೆ. ಆದರೆ ಕಾರಣವಾಗುವುದಕ್ಕೂ ದೂಷಣೆಗೆ ಅರ್ಹರಾಗುವುದಕ್ಕೂ ನಡುವೆ ಸಾಕಷ್ಟು ದೂರವಿದೆ. ಬೀಡಿಯ ಬಗ್ಗೆ ವೈದ್ಯರೂ ಕೇಳಿದರು, ನೆಂಟರೂ ಕೇಳಿದರು. ಪ್ರಶ್ನೆ ಒಂದೇ, ಮುಖ ಮಾಡಿದ ದಿಕ್ಕು ಬೇರೆ. ವೈದ್ಯರ ಪ್ರಶ್ನೆ ನಾಳೆಯ ಕಡೆಗಿತ್ತು: ಇವತ್ತು ಬಿಟ್ಟರೆ ಮುಂದಿನ ವಾರ ಗಾಯಕ್ಕೆ ಅಷ್ಟು ಅನುಕೂಲ. ನೆಂಟರ ಪ್ರಶ್ನೆ ನಿನ್ನೆಯ ಕಡೆಗಿತ್ತು: ಲೆಕ್ಕ ಚುಕ್ತಾ ಮಾಡಿ ಪುಸ್ತಕ ಮುಚ್ಚಲು. ಮೊದಲನೆಯದರಲ್ಲಿ ರೋಗಿಗೆ ಮಾಡಲು ಒಂದು ಕೆಲಸ ಸಿಗುತ್ತದೆ. ಎರಡನೆಯದರಲ್ಲಿ ಹೊರಲು ಒಂದು ಹೊರೆ ಮಾತ್ರ. ಯಾರನ್ನಾದರೂ ಅವರ ಕಾಯಿಲೆಯ ಕಾರಣ ಕೇಳುವ ಮೊದಲು, ಸಿಗುವ ಉತ್ತರದಿಂದ ನಾವೇನು ಮಾಡಲಿದ್ದೇವೆ ಎಂದು ನಮ್ಮನ್ನು ಕೇಳಿಕೊಂಡರೆ ಸಾಕು, ಅರ್ಧದಷ್ಟು ಪ್ರಶ್ನೆಗಳು ಬಾಯಿಂದ ಹೊರಡುವುದೇ ಇಲ್ಲ.

‘ಮನಸ್ಸು ಗಟ್ಟಿ’ಯ ಮಾತನ್ನೂ ಹೀಗೆಯೇ ನೋಡಬೇಕು. ಧೈರ್ಯ ಒಳ್ಳೆಯದು. ಊಟ ಸೇರಲು, ಓಡಾಡಲು, ಡ್ರೆಸ್ಸಿಂಗಿನ ನೋವು ತಡೆಯಲು ಅದು ಬೇಕು. ಆದರೆ ರೇಡಿಯೇಷನ್ನಿನಿಂದ ಸೊರಗಿದ ರಕ್ತನಾಳವನ್ನು ಧೈರ್ಯ ಮತ್ತೆ ಚಿಗುರಿಸಲಾರದು. ಧೈರ್ಯವೇ ಔಷಧಿ ಎಂದವರು, ಗಾಯ ಮಾಯದಿದ್ದಾಗ ಧೈರ್ಯ ಸಾಲದಾಯಿತೆಂದು ತಾವಾಗಿ ಹೇಳದಿದ್ದರೂ ರೋಗಿ ಹಾಗೆಯೇ ಕೇಳಿಸಿಕೊಳ್ಳುತ್ತಾನೆ. ಧೈರ್ಯವನ್ನು ಫಲದಿಂದ ಅಳೆದರೆ ಅದು ಧೈರ್ಯವಾಗಿ ಉಳಿಯುವುದಿಲ್ಲ, ವ್ಯಾಪಾರವಾಗುತ್ತದೆ. ಅಪ್ಪನ ಧೈರ್ಯ ನನಗೆ ಕಂಡದ್ದು ಗಾಯದಲ್ಲಿ ಅಲ್ಲ. ದಿನವೂ ಬೆಳಿಗ್ಗೆ ಎಂಟಕ್ಕೆ, ಇವತ್ತು ನಿನ್ನೆಯಷ್ಟೇ ಆಳ ಇರಬಹುದೆಂದು ಗೊತ್ತಿದ್ದೂ, ಪಕ್ಕಕ್ಕೆ ತಿರುಗಿ ಮಲಗುತ್ತಿದ್ದರಲ್ಲ, ಅದರಲ್ಲಿ.

ಇದಕ್ಕೆ ಎದುರಾಗಿ ಒಂದು ಆಕ್ಷೇಪ ಏಳಬಹುದು. ಗುಣವಾಗದಿದ್ದರೂ ಪರವಾಗಿಲ್ಲ ಎಂದು ಹೇಳುತ್ತಾ ಹೋದರೆ ರೋಗಿ ಕೈಚೆಲ್ಲುವುದಿಲ್ಲವೇ? ಮಾಯದ ಗಾಯವನ್ನು ಹಣೆಬರಹವೆಂದು ಒಪ್ಪಿಕೊಂಡು ಕೂರುವುದು ಅಪಾಯವಲ್ಲವೇ? ನಿಜ. ಜ್ವರ ಬಂದರೆ, ಕೀವು ಅಥವಾ ದುರ್ವಾಸನೆ ಹೆಚ್ಚಿದರೆ, ಸುತ್ತಲಿನ ಚರ್ಮ ಕೆಂಪಾಗಿ ಬಿಸಿಯಾದರೆ, ಸ್ಟೋಮಾ ಕಪ್ಪು ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತಿಂಗಳುಗಟ್ಟಲೆ ಮಾಯದ ಗಾಯದ ಹಿಂದೆ ಕ್ಯಾನ್ಸರ್ ಮರಳಿದೆಯೋ, ಕರುಳಿನಿಂದ ಒಳದಾರಿಯೇನಾದರೂ ಆಗಿದೆಯೋ ಎಂದು ಪರೀಕ್ಷಿಸಬೇಕು. ಅಪ್ಪನಿಗೂ ಏಳನೆಯ ತಿಂಗಳು ಸ್ಕ್ಯಾನ್ ಮಾಡಿಸಿದೆವು, ಏನೂ ಇರಲಿಲ್ಲ. ಆದರೆ ನೋಡಿ, ನಾಚಿಕೆ ಇಲ್ಲದವರೇ ಆಸ್ಪತ್ರೆಗೆ ಬೇಗ ಹೋಗುವುದು. ಮಾಯದಿರುವುದು ತನ್ನ ಸೋಲು ಎಂದುಕೊಂಡವನು ಅದನ್ನು ಮುಚ್ಚಿಡುತ್ತಾನೆ. ಗಾಯದ ಮೇಲಿನ ಚರ್ಮ ಅವಸರದಿಂದ ಕೂಡಿಕೊಂಡು ಒಳಗೆ ಕೀವು ಉಳಿಯುವ ಹಾಗೆಯೇ ಇದು. ದೂಷಣೆ ತೆಗೆದರೆ ಜವಾಬ್ದಾರಿ ಹೋಗುವುದಿಲ್ಲ. ಜವಾಬ್ದಾರಿ ಹೊರಲು ಜಾಗವಾಗುತ್ತದೆ.

ಹಾಗಾದರೆ ಆರೋಗ್ಯ ಎಂದರೇನು? ಫ್ರಾನ್ಸಿನ ತತ್ವಶಾಸ್ತ್ರಜ್ಞ, ವೈದ್ಯಕೀಯವನ್ನೂ ಓದಿದ್ದ ಜಾರ್ಜ್ ಕಾಂಗಿಲೆಮ್ 1943ರಲ್ಲಿ ತಮ್ಮ ವೈದ್ಯಕೀಯ ಪ್ರಬಂಧದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡರು. ಸರಾಸರಿ ಅಂಕಿಗಳ ಒಳಗೆ ಮೈ ಇದೆಯೇ ಎಂಬುದರಲ್ಲಿ ಆರೋಗ್ಯವನ್ನು ಹುಡುಕಿದರೆ ಸಿಗುವುದಿಲ್ಲ ಎಂಬುದು ಅವರ ವಾದ. ಸುತ್ತಲಿನ ಪರಿಸ್ಥಿತಿ ಬದಲಾದಾಗ ಜೀವಿಯೊಂದು ತನಗೆ ಹೊಸ ಕ್ರಮವನ್ನು ಕಟ್ಟಿಕೊಳ್ಳಬಲ್ಲುದೇ ಎಂಬುದರಲ್ಲಿ ಅದಿದೆ. ಗುಣವಾದವನು ಕಾಯಿಲೆಗೆ ಮುಂಚಿನ ಮೈಗೆ ಮರಳುವುದಿಲ್ಲ. ಇನ್ನೊಂದು ಕ್ರಮದಲ್ಲಿ ನೆಲೆಗೊಳ್ಳುತ್ತಾನೆ.

ಟೈಲರನಿಗೆ ಕೂರಲು ಆಗದಿದ್ದರೆ ಏನಾಗುತ್ತದೆ? ಮೆಷಿನ್ ತುಳಿಯುವುದು ಕೂತೇ. ಐದು ತಿಂಗಳು ಅಪ್ಪನಿಗೆ ನಿಲ್ಲಬಹುದಿತ್ತು, ಮಲಗಬಹುದಿತ್ತು, ಕೂರಲು ಆಗುತ್ತಿರಲಿಲ್ಲ. ಆದರೆ ಬಟ್ಟೆ ಕತ್ತರಿಸುವುದು ನಿಂತು. ಅವರು ಕಟಿಂಗ್ ಟೇಬಲ್ಲಿಗೆ ಹೋದರು. ಅಳತೆ, ಗುರುತು, ಕತ್ತರಿ ಅವರದು. ಹೊಲಿಯಲು ಒಬ್ಬ ಹುಡುಗನನ್ನು ಇಟ್ಟುಕೊಂಡರು. ಹೊಟ್ಟೆಯ ಚೀಲದ ಮೇಲೆ ಬೆಲ್ಟು ಒತ್ತಬಾರದೆಂದು ತಮ್ಮ ಪ್ಯಾಂಟಿನ ಸೊಂಟವನ್ನು ತಾವೇ ಎತ್ತರಿಸಿ ಹೊಲಿಸಿಕೊಂಡರು. ಕಾಂಗಿಲೆಮ್ ಹೇಳುವ ಹೊಸ ಕ್ರಮ ಇದೇ ಇರಬೇಕು. ಇದನ್ನು ಹೂವಿನ ಹಾಗೆ ಎತ್ತಿ ಹಿಡಿಯಲು ನನಗೆ ಇಷ್ಟವಿಲ್ಲ. ಹುಡುಗನ ಸಂಬಳ ಕಳೆದರೆ ಅಂಗಡಿಯ ಆದಾಯ ಅರ್ಧಕ್ಕೆ ಇಳಿದಿದೆ. ಚೀಲಗಳಿಗೆ, ಡ್ರೆಸ್ಸಿಂಗಿಗೆ ತಿಂಗಳು ತಿಂಗಳು ದುಡ್ಡು ಬೇಕು. ಹೊಸ ಕ್ರಮ ಕಟ್ಟಿಕೊಳ್ಳುವ ಶಕ್ತಿ ಒಬ್ಬನ ಮನಸ್ಸಿನಲ್ಲಷ್ಟೇ ಇರುವುದಿಲ್ಲ. ಟೇಬಲ್ಲು, ಹುಡುಗ, ಸಾಲ ಕೊಡುವ ಬಟ್ಟೆ ಅಂಗಡಿಯವರು, ಮನೆಯಲ್ಲಿ ಕೈಜೋಡಿಸುವವರು, ಎಲ್ಲ ಸೇರಿ ಆ ಶಕ್ತಿ. ಇವು ಇಲ್ಲದವರಿಗೆ ‘ಹೊಂದಿಕೊಳ್ಳಿ’ ಎನ್ನುವುದು ‘ಗುಣವಾಗಿ’ ಎನ್ನುವುದರಷ್ಟೇ ಭಾರದ ಮಾತು.

ಕೈಜೋಡಿಸುವುದರಲ್ಲೂ ಒಂದು ತೊಡಕಿದೆ, ಅದನ್ನು ಹೇಳದೆ ಹೋಗಬಾರದು. ಗಾಯ ಇರುವುದು ಮಗ ಅಪ್ಪನ ಮೈಯಲ್ಲಿ ನೋಡಬಾರದೆಂದು ನಾವೆಲ್ಲ ನಂಬಿರುವ ಜಾಗದಲ್ಲಿ. ಆಸ್ಪತ್ರೆಯ ಸಿಸ್ಟರ್ ಎರಡು ದಿನ ತೋರಿಸಿಕೊಟ್ಟ ಮೇಲೆ ಮನೆಯಲ್ಲಿ ಡ್ರೆಸ್ಸಿಂಗ್ ನನ್ನ ಪಾಲಿಗೆ ಬಂತು. ಅಪ್ಪ ಗೋಡೆಯ ಕಡೆ ಮುಖ ಮಾಡಿರುತ್ತಿದ್ದರು. ವಾಸನೆ ಇರುತ್ತಿತ್ತು. ಹೇಸಿಗೆ ಎಂಬುದು ಮೂಗಿನಲ್ಲಿ ಹುಟ್ಟುತ್ತದೆ, ಅದನ್ನು ಬುದ್ಧಿ ಹೇಳಿ ಓಡಿಸಲಾಗದು. ಹೇಸಿಗೆ ಪಡದಿರುವುದೇ ಪ್ರೀತಿ ಎಂದು ಹೇಳಿಕೊಟ್ಟವರು ಗಾಯ ತೊಳೆದವರಿರಲಾರರು. ಹೇಸಿಗೆ ಇದ್ದೂ ಕೈ ನಿಲ್ಲದಿರುವುದು, ಅಷ್ಟೇ ನಮ್ಮ ಅಳವಿನಲ್ಲಿರುವುದು. ಮೂರನೆಯ ವಾರದ ಹೊತ್ತಿಗೆ ಮೂಗಿಗೆ ಅಭ್ಯಾಸವಾಗಿ, ಕಣ್ಣು ಬಣ್ಣ ನೋಡತೊಡಗಿತು: ಹಳದಿ ಎಷ್ಟು, ಕೆಂಪು ಎಷ್ಟು. ಗಾಯದಲ್ಲಿ ತುಂಬುತ್ತಿದ್ದ ಗಾಜ್ ಬಟ್ಟೆಯ ಉದ್ದವನ್ನು ಅಪ್ಪ ಇಂಚಿನಲ್ಲಿ ಕೇಳುತ್ತಿದ್ದರು. ಒಂಬತ್ತು ಇಂಚು ಎಂಟಾದ ದಿನ ‘ವಾಸಿ’ ಎಂದರು. ಆ ಪದದ ಸರಿಯಾದ ಬಳಕೆ ನನಗೆ ಆವತ್ತು ಹೊಳೆಯಿತು.

ಈ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು ತಿರುವಿದರೂ ಇದೇ ಬಗೆಯ ವಾಸಿಗಳು ಸಿಗುತ್ತವೆ. 1952ರವರೆಗೆ ಸಣ್ಣ ಕರುಳಿನ ತುದಿಯನ್ನು ಚರ್ಮದ ಮಟ್ಟದಲ್ಲೋ ಹಾಗೇ ಮೊಂಡಾಗಿಯೋ ಬಿಡುತ್ತಿದ್ದರು, ಜೀರ್ಣರಸ ತಾಗಿ ಉರಿಯೂತವಾಗುತ್ತಿತ್ತು. ಆ ವರ್ಷ ಇಂಗ್ಲೆಂಡಿನ ಬ್ರಯಾನ್ ಬ್ರೂಕ್ ಕರುಳಿನ ತುದಿಯನ್ನು ಅಂಗಿಯ ತೋಳು ಮಡಚಿದ ಹಾಗೆ ಹೊರಕ್ಕೆ ಮಡಚಿ ಹೊಲಿಯುವ ವಿಧಾನ ಪ್ರಕಟಿಸಿದರು. ಒಂದು ಸಣ್ಣ ಮಡಿಕೆ, ಎಷ್ಟೋ ಜನರ ಚರ್ಮ ಉಳಿಯಿತು. 1954ರಲ್ಲಿ ಡೆನ್ಮಾರ್ಕಿನ ನರ್ಸ್ ಎಲಿಸ್ ಸೊರೆನ್ಸೆನ್, ಓಸ್ಟಮಿಯಾದ ಮೇಲೆ ಹೊರಗೆ ಹೋಗಲು ಹೆದರುತ್ತಿದ್ದ ತನ್ನ ತಂಗಿ ಥೋರಾಳಿಗಾಗಿ ಅಂಟಿಸಿಕೊಳ್ಳುವ ಚೀಲವನ್ನು ಯೋಚಿಸಿದಳು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಶಸ್ತ್ರವೈದ್ಯ ರೂಪರ್ಟ್ ಟರ್ನ್‌ಬುಲ್ ತಾವೇ ಇಲಿಯಾಸ್ಟಮಿ ಮಾಡಿದ್ದ ನಾರ್ಮಾ ಗಿಲ್ ಎಂಬ ಮಹಿಳೆಯನ್ನು 1958ರಲ್ಲಿ ಕೆಲಸಕ್ಕೆ ಸೇರಿಸಿಕೊಂಡರು, ಬೇರೆ ರೋಗಿಗಳಿಗೆ ಆರೈಕೆ ಹೇಳಿಕೊಡಲು. ಇವತ್ತು ಆಸ್ಪತ್ರೆಗಳಲ್ಲಿ ಕಾಣುವ ಸ್ಟೋಮಾ ನರ್ಸುಗಳ ವೃತ್ತಿ ಅಲ್ಲಿಂದ ಮೊದಲಾಯಿತು. ಈ ಮೂವರಲ್ಲಿ ಯಾರೂ ರೋಗಿಯನ್ನು ಮೊದಲಿನಂತೆ ಮಾಡಲಿಲ್ಲ. ಸೋರುವುದು ನಿಂತರೆ ವಾಸಿ, ಬೀದಿಗೆ ಬರುವಂತಾದರೆ ವಾಸಿ, ಗೊತ್ತಿರುವ ಒಬ್ಬರು ಪಕ್ಕದಲ್ಲಿದ್ದರೆ ವಾಸಿ ಎಂದು ಹತ್ತಿರದ ಒಂದು ಕಷ್ಟವನ್ನು ಹಿಡಿದು ಕೆಲಸ ಮಾಡಿದರು.

ನಮ್ಮ ಕಡೆಯ ಹಳೆಯ ಗ್ರಂಥವೊಂದನ್ನೂ ಇಲ್ಲಿ ನೆನೆಯಬೇಕು. ಸುಶ್ರುತ ಸಂಹಿತೆ ವ್ರಣಕ್ಕೆ ಅರವತ್ತು ಉಪಕ್ರಮಗಳನ್ನು ಹೇಳುತ್ತದೆ. ಶುದ್ಧ ವ್ರಣ, ಮಾಯುತ್ತಿರುವ ವ್ರಣ, ಪೂರ್ತಿ ಮಾದ ವ್ರಣ ಎಂದು ಹಂತಗಳನ್ನು ಬೇರೆಬೇರೆಯಾಗಿ ಗುರುತಿಸುತ್ತದೆ. ನಡುವಿನ ಹಂತಕ್ಕೂ ಅದರದೇ ಹೆಸರಿದೆ, ಲಕ್ಷಣಗಳಿವೆ. ಅದರ ಸೂತ್ರಸ್ಥಾನದ ಹತ್ತೊಂಬತ್ತನೆಯ ಅಧ್ಯಾಯ ಗಾಯದ ಬಗ್ಗೆ ಅಲ್ಲ, ಗಾಯಗೊಂಡವನ ಬಗ್ಗೆ. ಅವನ ಕೋಣೆ ಹೇಗಿರಬೇಕು, ಹಾಸಿಗೆ ಹೇಗಿರಬೇಕು ಎಂದೆಲ್ಲ ಹೇಳುತ್ತಾ, ಪ್ರೀತಿಯಿಂದ ಮಾತಾಡುವ ಗೆಳೆಯರು ಬಳಿಯಿದ್ದು ಕತೆಗಳಿಂದ ಅವನ ನೋವನ್ನು ಮರೆಸಬೇಕು ಎನ್ನುತ್ತದೆ. ಆ ಕಾಲದ ರಕ್ಷಾವಿಧಿಗಳೂ ನಿಷೇಧಗಳೂ ಅದರಲ್ಲಿವೆ, ಎಲ್ಲವನ್ನೂ ಇವತ್ತು ಒಪ್ಪಬೇಕಿಲ್ಲ. ಆದರೆ ಅಧ್ಯಾಯದ ಹೆಸರು ನನ್ನನ್ನು ಹಿಡಿದು ನಿಲ್ಲಿಸಿತು: ವ್ರಣಿತೋಪಾಸನೀಯ. ಉಪಾಸನೆ ಎಂದರೆ ನಮಗೆ ಪೂಜೆ. ಪದವನ್ನು ಬಿಡಿಸಿದರೆ ಸಿಗುವುದು ಬಳಿ ಕೂರುವುದು. ಗಾಯಗೊಂಡವನ ಬಳಿ ಕೂರುವ ಬಗೆಯನ್ನು ಹೇಳುವ ಅಧ್ಯಾಯ ಅದು. ಅಲ್ಲಿ ಗೆಳೆಯರಿಗೆ ಕೊಟ್ಟಿರುವ ಕೆಲಸ ಕತೆ ಹೇಳುವುದು. ಗಾಯ ಒಣಗಿತೇ ಎಂದು ವಿಚಾರಿಸುವುದಲ್ಲ.

ಅಪ್ಪನ ಗಾಯ ಈಗ ಬಹುಪಾಲು ಮುಚ್ಚಿದೆ. ಕಡಲೆಕಾಳಿನಷ್ಟು ಒಂದು ಬಾಯಿ ಉಳಿದಿದೆ, ದಿನಕ್ಕೊಂದು ಸಣ್ಣ ಪ್ಯಾಡ್ ಸಾಕು. ಮೆತ್ತೆ ಹಾಕಿಕೊಂಡು ಅರ್ಧ ಗಂಟೆ ಕೂರುತ್ತಾರೆ. ಇನ್ನೊಂದು ಶಸ್ತ್ರಚಿಕಿತ್ಸೆ ಬೇಕೋ, ಹೀಗೇ ಬಿಡುವುದೋ ಎಂಬುದನ್ನು ವೈದ್ಯರು ಅವರಿಗೇ ಬಿಟ್ಟಿದ್ದಾರೆ. ಗುಣವಾಯಿತಾ ಎಂದರೆ ಇಲ್ಲ. ಒಣಗಿತಾ ಎಂದರೆ ಪೂರ್ತಿ ಇಲ್ಲ. ಮಾಯಿತಾ ಎಂದರೂ ಇಲ್ಲ. ಈ ಮೂರು ಪ್ರಶ್ನೆಗಳಿಗೆ ಅವರ ಬದುಕು ‘ಇಲ್ಲ’ ಎಂಬ ಒಂದೇ ಉತ್ತರ ಕೊಡುತ್ತದೆ. ಆ ‘ಇಲ್ಲ’ದ ಒಳಗೆ ಒಂಬತ್ತು ಇಂಚಿನಿಂದ ಕಡಲೆಕಾಳಿನವರೆಗಿನ ಇಡೀ ದಾರಿ ಕಾಣದೆ ಹೋಗುತ್ತದೆ. ವಾಸಿಯಾ ಎಂದು ಕೇಳಿದರೆ ಮಾತ್ರ ಹೇಳಲು ಏನಾದರೂ ಇರುತ್ತದೆ: ಯಾವುದಕ್ಕಿಂತ, ಎಷ್ಟು, ಯಾವ ಕೆಲಸಕ್ಕೆ.

ನಾವೆಲ್ಲ ಒಂದಲ್ಲ ಒಂದು ದಿನ ಪೂರ್ತಿ ಮಾಯದ ಏನನ್ನಾದರೂ ಹೊತ್ತು ನಡೆಯುವವರೇ. ಆಗ ನಮ್ಮನ್ನು ನೋಡಲು ಬಂದವರು ಫಲಿತಾಂಶ ಕೇಳುವವರಾಗಿದ್ದರೆ ಬಾಗಿಲು ಹಾಕಿಕೊಳ್ಳೋಣ ಅನ್ನಿಸುತ್ತದೆ. ನಿನ್ನೆಗೂ ಇವತ್ತಿಗೂ ಇರುವ ಒಂದಿಂಚಿನ ವ್ಯತ್ಯಾಸವನ್ನು ಕೇಳುವವರಾಗಿದ್ದರೆ, ವ್ಯತ್ಯಾಸವೇ ಇಲ್ಲದ ದಿನ ಸುಮ್ಮನೆ ಕೂತು ಊರಿನ ಸುದ್ದಿ ಹೇಳುವವರಾಗಿದ್ದರೆ, ಅವರು ಬಂದದ್ದು ಬಾರದ್ದಕ್ಕಿಂತ ವಾಸಿ. ಗುಣಪಡಿಸುವ ಶಕ್ತಿ ನಮ್ಮಲ್ಲಿ ಹೆಚ್ಚಿನವರಿಗಿಲ್ಲ. ಅಷ್ಟು ವಾಸಿ ಮಾಡುವುದು ಎಲ್ಲರಿಗೂ ಸಾಧ್ಯ.